ರೇವಾಬೆನ್ ಕುಡಿಯದ ಔಷಧ

ಮಕ್ಕಳೇ, ಅಜ್ಜಿ ಇಂಗ್ಲೆಂಡಿಗೆ ಹೋಗಿ ಬಂದವಳು ಎಂದು ನಿಮ್ಮ ಗೆಳೆಯರಿಗೆಲ್ಲ ಹೇಳಿಕೊಂಡು ಬರುತ್ತೀರಿ. ರಾಣಿಯ ಅರಮನೆ ಹೇಗಿತ್ತು, ಹಿಮ ಹೇಗಿತ್ತು ಎಂದು ನನ್ನನ್ನು ಪೀಡಿಸುತ್ತೀರಿ. ಅರಮನೆಯನ್ನು ಬಸ್ಸಿನ ಕಿಟಕಿಯಿಂದ ನೋಡಿದೆ, ಅದೂ ಅರ್ಧ. ಉಳಿದರ್ಧಕ್ಕೆ ಪಕ್ಕದವನ ಟೋಪಿ ಅಡ್ಡವಾಗಿತ್ತು. ಹಿಮ ಬೀಳಲೇ ಇಲ್ಲ. ನನಗೆ ನೆನಪಿರುವುದು ಅಲ್ಲಿ ಬಂದ ಸಿಟ್ಟು. ವಾಪಸು ಬಂದ ಮೇಲೆ ಇಲ್ಲಿ ಬಂದ ಸಿಟ್ಟು ಅದಕ್ಕಿಂತ ದೊಡ್ಡದು. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ನಿಮಗೇ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಚಿತ್ರದುರ್ಗ

ನಾನು ಓದಿದ್ದು ಬಿ.ದುರ್ಗದ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ನಿಮ್ಮ ತಾತ ತೀರಿಕೊಂಡ ಮೇಲೆ ನಿಮ್ಮ ಅಮ್ಮನನ್ನು ನನ್ನ ತಾಯಿಯ ಮಡಿಲಿಗೆ ಹಾಕಿ, ಚಿತ್ರದುರ್ಗದ ಒಂದು ಸಣ್ಣ ಧರ್ಮಾಸ್ಪತ್ರೆಯಲ್ಲಿ ನರ್ಸಿಂಗ್ ಕಲಿಯಲು ಸೇರಿದೆ. ಎಪ್ಪತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಅಲ್ಲಿಯೇ ಹುಡುಗಿಯರಿಗೆ ಪಾಠ ಹೇಳುವ ಸಿಸ್ಟರ್ ಆಗಿದ್ದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯ ಹುಡುಗಿಯರು ತಗಡಿನ ಟ್ರಂಕು ಹೊತ್ತುಕೊಂಡು ಬರುತ್ತಿದ್ದರು. ಹಾಸಿಗೆ ಹಾಸುವುದು, ಗಾಯ ಕಟ್ಟುವುದು, ಜ್ವರ ನೋಡುವುದು ಎಲ್ಲವನ್ನೂ ಕಲಿಸುತ್ತಿದ್ದೆ. ವಾಸಿಯಾಗದ ರೋಗಿಗೆ ಏನು ಮಾಡಬೇಕು ಎಂಬುದು ಮಾತ್ರ ಯಾವ ಪಾಠದಲ್ಲೂ ಇರಲಿಲ್ಲ.

ಅಂಥವರಿಗೆ ನಮ್ಮ ದೊಡ್ಡ ಡಾಕ್ಟರು ಹೇಳುತ್ತಿದ್ದ ಮಾತು ಒಂದೇ. "ಇನ್ನು ನಮ್ಮ ಕೈಲಿ ಏನೂ ಇಲ್ಲ, ಮನೆಗೆ ಕರ್ಕೊಂಡು ಹೋಗ್ರಿ." ಬಾಯಿಯ ಕ್ಯಾನ್ಸರ್ ಹುಣ್ಣಿನವರು, ಗರ್ಭಕೋಶದ ಗಡ್ಡೆಯವರು ಹೊಸದುರ್ಗದ ಬಸ್ಸಿನ ಹಿಂದಿನ ಸೀಟಿನಲ್ಲಿ ಮುದುಡಿಕೊಂಡು, ರಸ್ತೆಯ ಗುಂಡಿ ಗುಂಡಿಗೂ ಕಿರುಚುತ್ತಾ ಮನೆಗೆ ಹೋಗುತ್ತಿದ್ದರು.

ಸಾಯುವವರ ನೋವು ಕಳೆಯುವುದನ್ನೇ ಕಲಿಸುವ ಮನೆಯೊಂದು ಇಂಗ್ಲೆಂಡಿನಲ್ಲಿದೆ, ಕೆಲವು ವಾರ ಇರಲು ಒಬ್ಬ ಸಿಸ್ಟರನ್ನು ಕಳಿಸಿ ಎಂದು ನಮ್ಮ ಆಸ್ಪತ್ರೆಗೆ ನೆರವಾಗುತ್ತಿದ್ದ ಅಲ್ಲಿನ ಜನ ಬರೆದರು. ಇಂಗ್ಲಿಷ್ ಚೆನ್ನಾಗಿ ಬರುತ್ತಿದ್ದ ಇಬ್ಬರು ಸಿಸ್ಟರುಗಳು, ಹೆರಿಗೆ ಕಲಿಯುವುದಾದರೆ ಹೋಗುತ್ತೇವೆ, ಸಾವು ಕಲಿಯಲು ಅಷ್ಟು ದೂರ ಯಾಕೆ ಎಂದುಬಿಟ್ಟರು. ಉಳಿದವಳು ನಾನು.

"ನೀವೇ ಹೋಗಿ ಬರ್ರಿ ಸಿಸ್ಟರ್," ಎಂದರು ದೊಡ್ಡ ಡಾಕ್ಟರು. "ಬಂದ್ಮೇಲೆ ನಮ್ಮ ಹುಡುಗೀರಿಗೆ ಅದೇನೈತೋ ಕಲಿಸೋರಂತೆ."

ಪಕ್ಕದ ಮನೆಯ ಹಸೀನಾಬಿ ತನ್ನ ಮಗನ ಸ್ವೆಟರ್ ತಂದುಕೊಟ್ಟಳು. ನನಗೆ ಉರ್ದು ಕಲಿಸಿದವಳೂ ಅವಳೇ, ನೀರು ಹಿಡಿಯುವ ನಲ್ಲಿಯ ಹತ್ತಿರ. "ಅಲ್ಲಿ ನಮ್ಮ ಕಡೇರು ಯಾರಾದ್ರೂ ಸಿಕ್ರೆ ಉರ್ದು ಮಾತಾಡಕ್ಕಾ," ಎಂದಳು. "ನಿನ್ನ ಉರ್ದು ಕೇಳಿ ಪಾಪ ನಕ್ಕಾದ್ರೂ ನಗ್ತಾರೆ."

ಲಂಡನ್ನಿನ ವಿಮಾನ ನಿಲ್ದಾಣ

ನನ್ನ ಪೆಟ್ಟಿಗೆಯಲ್ಲಿ ರಾಗಿಹಿಟ್ಟಿನ ಚೀಲವಿತ್ತು. ಸುಂಕದ ಅಧಿಕಾರಿ ಅದನ್ನು ಬಿಚ್ಚಿ, ಬೆರಳು ಅದ್ದಿ, ಮೂಗಿನ ಹತ್ತಿರ ಹಿಡಿದು, ಇದೇನು ಎಂದ. ರಾಗಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. "ಫುಡ್" ಎಂದೆ. ಅವನು ನಂಬಲಿಲ್ಲ. ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ನಾನು ಬೇರೆ ದಾರಿ ಕಾಣದೆ ಒಂದು ಹಿಡಿ ಹಿಟ್ಟನ್ನು ಹಾಗೇ ಬಾಯಿಗೆ ಹಾಕಿಕೊಂಡೆ. ಒಣ ಹಿಟ್ಟು ಗಂಟಲಿಗೆ ಹತ್ತಿ ಕೆಮ್ಮು ಬಂತು. ಅವನ ಕಪ್ಪು ಕೋಟಿನ ಮೇಲೆಲ್ಲ ರಾಗಿ. ಅವನೇ ನನಗೆ "ಸಾರಿ" ಎಂದ! ಉಗುಳಿಸಿಕೊಂಡವನೇ ಕ್ಷಮೆ ಕೇಳುವ ದೇಶ ಅದು. ನಮ್ಮ ಬಸ್ ನಿಲ್ದಾಣದಲ್ಲಿ ಹೀಗಾಗಿದ್ದರೆ ನನ್ನ ತಾಯಿತಂದೆಯ ಹೆಸರೆಲ್ಲ ಹೊರಗೆ ಬರುತ್ತಿತ್ತು.

ಆ ಮನೆ

ಆಸ್ಪತ್ರೆ ಎಂದುಕೊಂಡು ಹೋದರೆ ಅದು ಮನೆಯಂತೆಯೇ ಇತ್ತು. ಕಿಟಕಿಗೆ ಹೂವಿನ ಪರದೆ. ಒಬ್ಬ ಮುದುಕನನ್ನು ನೋಡಲು ಅವನ ನಾಯಿ ಬರುತ್ತಿತ್ತು, ಬಂದದ್ದು ಮಂಚದ ಮೇಲೇ ಮಲಗುತ್ತಿತ್ತು. ನರ್ಸುಗಳು ರೋಗಿಯ ಹಾಸಿಗೆಯ ಮೇಲೆ ಕೂತು ಕೈ ಹಿಡಿದು ಮಾತಾಡುತ್ತಿದ್ದರು. ನಮ್ಮಲ್ಲಿ ಹಾಗೆ ಕೂತ ಹುಡುಗಿಗೆ ನಾನೇ ಬೈದಿದ್ದೆ, ಹಾಸಿಗೆ ಸುಕ್ಕಾಗುತ್ತದೆ ಎಂದು.

ನೋವಿನ ಔಷಧವನ್ನು ಅಲ್ಲಿ ನೋವು ಬರುವ ಮೊದಲೇ ಕೊಡುತ್ತಿದ್ದರು. ಗಡಿಯಾರ ನೋಡಿಕೊಂಡು, ಹಗಲೂ ರಾತ್ರಿ, ಸಣ್ಣ ಗ್ಲಾಸಿನಲ್ಲಿ. ಮಾರ್ಫಿಯಾ ಸೇರಿದ ಒಂದು ದ್ರಾವಣ ಅದು. ಅದನ್ನು ಕುಡಿದು, ನಮ್ಮ ಹೊಸದುರ್ಗದ ರೋಗಿಗಳಿಗಿದ್ದಂಥದೇ ಬಾಯಿಹುಣ್ಣಿನ ಒಬ್ಬ ಗಂಡಸು ಕನ್ನಡಕ ಹಾಕಿಕೊಂಡು ಪೇಪರು ಓದುತ್ತಿದ್ದ. ಪೇಪರು! ನಾನು ಅವನ ಮಂಚದ ಮುಂದೆ ನಿಂತೇಬಿಟ್ಟೆ. ನಮ್ಮಲ್ಲೂ ಮಾರ್ಫಿಯಾ ಇತ್ತು. ಡಾಕ್ಟರ ಕೋಣೆಯ ಬೀರುವಿನಲ್ಲಿ, ಬೀಗದೊಳಗೆ, ಆಪರೇಷನ್ನಿಗೆಂದು ಇಂಜೆಕ್ಷನ್ನು ಇತ್ತು. ಸಾಯುವವರಿಗೆ ಕೊಟ್ಟರೆ ಚಟ ಹತ್ತುತ್ತದಂತೆ. ಮುಂದಿನ ವಾರ ಸಾಯುವವನಿಗೆ ಯಾವ ಚಟ ಹತ್ತುತ್ತದೆ? ಅವತ್ತು ನನಗೆ ಊಟ ಸೇರಲಿಲ್ಲ. ಅವರು ಬಡಿಸಿದ್ದು ಬೇಯಿಸಿದ ಕೋಸು, ಅದು ಹೇಗೂ ಸೇರುತ್ತಿರಲಿಲ್ಲ, ಆ ಮಾತು ಬೇರೆ.

ಶುಕ್ರವಾರದ ಪಾಠ

ನರ್ಸಿಂಗ್ ಹುಡುಗಿಯರಿಗೆ ಪಾಠ ಮಾಡುತ್ತಿದ್ದವರು ಮಿಸ್ ವಿಲ್ಕಿನ್ಸ್. ತೆಳ್ಳಗೆ, ಎತ್ತರಕ್ಕೆ, ಬಹಳ ಒಳ್ಳೆಯ ಹೆಂಗಸು. ನನ್ನನ್ನು ಮುಂದಿನ ಕುರ್ಚಿಯಲ್ಲೇ ಕೂರಿಸುತ್ತಿದ್ದರು. ನಾನು ಹಿಂದೆ ಗೋಡೆಗೆ ಅಂಟಿಕೊಂಡು ಕೂರಬೇಕೆಂದು ಎಷ್ಟು ಪ್ರಯತ್ನಪಟ್ಟರೂ ಬಿಡುತ್ತಿರಲಿಲ್ಲ.

ಅವತ್ತು ಅವರು ರೇವಾಬೆನ್ ವಿಷಯ ತೆಗೆದರು. ರೇವಾಬೆನ್ ಎಂದರೆ ಆಫ್ರಿಕಾದಿಂದ ಮಗನ ಜೊತೆ ಇಂಗ್ಲೆಂಡಿಗೆ ಬಂದಿದ್ದ ಗುಜರಾತಿ ಮುದುಕಿ. ಹೊಟ್ಟೆಯಲ್ಲಿ ಗಡ್ಡೆ. ಆ ಮನೆಗೆ ಬಂದು ಕೆಲವೇ ದಿನ ಆಗಿತ್ತು. ಮಂಡಿಯನ್ನು ಎದೆಗೆ ಒತ್ತಿಕೊಂಡು, ಸೆರಗನ್ನು ಬಾಯಿಗೆ ತುರುಕಿಕೊಂಡು ಮಲಗಿರುತ್ತಿದ್ದರು. ಔಷಧದ ಗ್ಲಾಸು ತಂದರೆ ತುಟಿ ಬಿಗಿದು ಗೋಡೆಯ ಕಡೆ ತಿರುಗುತ್ತಿದ್ದರು.

ಮಿಸ್ ವಿಲ್ಕಿನ್ಸ್ ಹುಡುಗಿಯರಿಗೆ ಮೆಲ್ಲಗೆ, ತುಂಬ ಗೌರವದಿಂದ ವಿವರಿಸಿದರು. ಭಾರತೀಯರು ನೋವನ್ನು ಹಿಂದಿನ ಜನ್ಮದ ಕರ್ಮ ಎಂದು ನಂಬುತ್ತಾರೆ. ಅನುಭವಿಸಿ ತೀರಿಸಿದರೆ ಮುಂದಿನ ಜನ್ಮ ಹಗುರವಾಗುತ್ತದೆ. ಆದ್ದರಿಂದ ಈ ತಾಯಿ ನೋವು ಕಳೆಯುವುದು ಬೇಡ ಎನ್ನುತ್ತಿದ್ದಾರೆ. ಒತ್ತಾಯ ಮಾಡಬಾರದು, ಅವರ ಧರ್ಮವನ್ನು ಗೌರವಿಸಬೇಕು. ಹೀಗೆ ಹೇಳಿ ನನ್ನ ಕಡೆ ತಿರುಗಿ, "ಅಲ್ಲವೇ ಸಿಸ್ಟರ್?" ಎಂದರು.

ಹುಡುಗಿಯರೆಲ್ಲ ನನ್ನನ್ನೇ ನೋಡಿದರು. ಅಲ್ಲ ಎನ್ನಲು ನನಗೇನು ಗೊತ್ತಿತ್ತು? ಆ ಮುದುಕಿಯ ಮನಸ್ಸಿನಲ್ಲಿ ಏನಿದೆಯೋ. ನೆಲ ನೋಡುತ್ತಾ ಕೂತೆ. ಅವರು ಅದನ್ನು ಹೌದು ಎಂದು ತಿಳಿದರು, ಹುಡುಗಿಯರು ಬರೆದುಕೊಂಡರು.

ಹೊರಗೆ ಬಂದ ಮೇಲೆ ಸಿಟ್ಟು ನೆತ್ತಿಗೇರಿತು. ನಾನು ಎಷ್ಟು ಸಾವು ನೋಡಿದವಳು! ಹೊಳಲ್ಕೆರೆಯ ಅಡಿಕೆ ಸಾಹುಕಾರನಿಂದ ಹಿಡಿದು ಕುರಿ ಕಾಯುವವನವರೆಗೆ, ನೋವು ಇರಲಿ, ಅದು ನನ್ನ ಪುಣ್ಯ ಎಂದವನು ಒಬ್ಬನೂ ಇಲ್ಲ. ಕರ್ಮ ಎಂದು ಹೇಳುತ್ತಿದ್ದವರು ಯಾವಾಗಲೂ ಮಂಚದ ಪಕ್ಕ ನಿಂತವರು. ಮಂಚದ ಮೇಲೆ ಮಲಗಿದವರಲ್ಲ.

ನೇರ ರೇವಾಬೆನ್ ಹತ್ತಿರ ಹೋದೆ. ಅದೇ ಹೊತ್ತಿಗೆ ಒಬ್ಬ ಹುಡುಗಿ ಗ್ಲಾಸು ತಂದಿದ್ದಳು. ಅವಳ ಕೈಯಿಂದ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದೆ. ಬ್ರಾಂಡಿ! ದ್ರಾವಣಕ್ಕೆ ಅವರು ಬ್ರಾಂಡಿ ಬೆರೆಸುತ್ತಿದ್ದರು. ಅದು ಅವರ ಹಳೆಯ ಪದ್ಧತಿಯಂತೆ. ಅಲ್ಲಿಯವರಿಗೆ ಆ ವಾಸನೆ ವಾಸನೆಯೇ ಅಲ್ಲ. ನನ್ನನ್ನು ಕೇಳಿ, ನಿಮ್ಮ ತಾತನ ಜೊತೆ ಬಾಳಿದವಳು ನಾನು. ಬಾಗಿಲಾಚೆ ನಿಂತಿದ್ದರೂ ಗೊತ್ತಾಗುತ್ತದೆ.

"ದಾರೂ ಅಂತ ಕುಡೀತಿಲ್ವಾ?" ಎಂದು ನನ್ನ ನಲ್ಲಿಕಟ್ಟೆಯ ಉರ್ದುವಿನಲ್ಲಿ ಕೇಳಿದೆ.

ಮುದುಕಿ ತಟ್ಟನೆ ಕಣ್ಣು ಬಿಟ್ಟರು. ಅವರು ಆಡಿದ್ದು ಅರ್ಧ ಹಿಂದಿ, ಅರ್ಧ ಗುಜರಾತಿ. ಆದರೆ ನನ್ನ ಕಿವಿಗೆ ನಮ್ಮ ಕಡೆಯ ಮುದುಕಿಯ ಮಾತಿನಂತೆಯೇ ಕೇಳಿಸಿತು, ಹಾಗೇ ಬರೆಯುತ್ತೇನೆ.

"ಹುಟ್ಟಿದಾಗಿಂದ ಮುಟ್ಟಿಲ್ಲ ಕಣವ್ವ. ಈಗ ದೇವರ ಮುಂದೆ ಬಾಯಿ ನಾರಿಸ್ಕೊಂಡು ಹೋಗ್ಲಾ?"

"ನೋವು ಐತಾ?"

"ನಿನಗೆ ಕಣ್ಣಿಲ್ವಾ?"

"ಮಗನಿಗೆ ಹೇಳಬಾರದಿತ್ತಾ?"

"ಅವನೇ ಕುಡೀತಾನೆ. ಅವನಿಗೇನು ಹೇಳ್ಲಿ!"

ಶನಿವಾರ

ಬೆಳಿಗ್ಗೆ ಮಿಸ್ ವಿಲ್ಕಿನ್ಸ್ ಕೋಣೆಯ ಬಾಗಿಲು ತಟ್ಟಿದೆ. ಹೇಳಬೇಕಾದ ಇಂಗ್ಲಿಷ್ ವಾಕ್ಯಗಳನ್ನೆಲ್ಲ ಕಟ್ಟಿಕೊಂಡು ಹೋಗಿದ್ದೆ. ಬಾಗಿಲು ತೆರೆಯುತ್ತಲೇ ಎಲ್ಲ ಮರೆತು, "ನಾಟ್ ಕರ್ಮ. ಬ್ರಾಂಡಿ," ಎಂದೆ.

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಮುಖ ಕುತ್ತಿಗೆಯವರೆಗೂ ಕೆಂಪಾಯಿತು. ನನ್ನನ್ನು ಕರೆದುಕೊಂಡು ವಾರ್ಡಿನ ಮುಖ್ಯ ಸಿಸ್ಟರ್ ಹತ್ತಿರ ಹೋದರು. ಬ್ರಾಂಡಿ ಇಲ್ಲದೆಯೂ ಆ ದ್ರಾವಣ ಮಾಡಬಹುದು, ಆದರೆ ಔಷಧ ಮಾಡುವವರು ಬರುವುದು ಸೋಮವಾರ ಎಂದರು ಆ ಸಿಸ್ಟರ್. ಅಷ್ಟರಲ್ಲಿ ಅವರಿಗೊಂದು ಉಪಾಯ ಹೊಳೆಯಿತು. ಇದನ್ನೇ ಕಿತ್ತಳೆ ರಸದಲ್ಲಿ ಬೆರೆಸಿ ಕೊಡೋಣ, ವಾಸನೆ ಮುಚ್ಚುತ್ತದೆ. ಬ್ರಾಂಡಿ ತೆಗೆದಿದ್ದೇವೆ ಎಂದು ನೀವು ನಿಮ್ಮ ಭಾಷೆಯಲ್ಲಿ ಹೇಳಿ. ನೀವು ಹೇಳಿದರೆ ನಂಬುತ್ತಾರೆ.

ನಿಜ ಹೇಳುತ್ತೇನೆ, ಒಂದು ಗಳಿಗೆ ಸರಿ ಎನ್ನಿಸಿತು. ಮುದುಕಿ ನೋವು ತಿನ್ನುತ್ತಿದ್ದಾರೆ, ಒಂದು ಸುಳ್ಳಿಗೆ ಇಳಿಯುತ್ತದೆ. ನಮ್ಮಲ್ಲಿ ಮಾತ್ರೆಯನ್ನು ಬಾಳೆಹಣ್ಣಿನಲ್ಲಿಟ್ಟು ಪ್ರಸಾದ ಎಂದು ಕೊಡುವುದಿಲ್ಲವೇ? ಆದರೆ ಆ ಮುದುಕಿಯ ಬಾಯಿ ನೆನಪಾಯಿತು. ಅಷ್ಟು ದಿನ ನೋವು ನುಂಗಿ ಬಿಗಿಹಿಡಿದ ಬಾಯಿ. ಅದನ್ನು ಮೋಸದಿಂದ ತೆರೆಸಲು ನನ್ನನ್ನು ಕರೆಯುತ್ತಿದ್ದಾರೆ. ನಾನೂ ಆ ಮುದುಕಿಯೂ ಒಂದೇ ಬಣ್ಣ ಎಂಬ ಕಾರಣಕ್ಕೆ!

"ನೋ," ಎಂದೆ. ಆ ದೇಶದಲ್ಲಿ ನಾನಂದ ಮೊದಲ ನೋ ಅದು.

"ಹಾಗಾದರೆ ಸೋಮವಾರದವರೆಗೆ ಅವರು ನರಳಲಿ ಎನ್ನುತ್ತೀರಾ?" ಎಂದರು ಸಿಸ್ಟರ್.

ರೋಗಿಗೆ ನಿಜ ಹೇಳಬೇಕು ಎಂದು ನಿನ್ನೆಮೊನ್ನೆ ಪಾಠ ಮಾಡಿದವರು ಇದೇ ಮನೆಯವರು. ಆ ನಿಜ ಇಂಗ್ಲಿಷ್ ಬರುವವರಿಗೆ ಮಾತ್ರವೇ? ಇದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರಲಿಲ್ಲ. "ಇಂಜೆಕ್ಷನ್?" ಎಂದಷ್ಟೇ ಕೇಳಿದೆ.

ಇಂಜೆಕ್ಷನ್ನು ಇತ್ತು. ಮೈಯಲ್ಲಿ ಮೂಳೆ ಬಿಟ್ಟು ಏನೂ ಇಲ್ಲ, ಚುಚ್ಚುವುದು ಬೇಡ ಎಂದುಕೊಂಡಿದ್ದರಂತೆ. ಅದೂ ಅಲ್ಲದೆ, ನೋವು ಕಳೆಯುವುದೇ ಬೇಡ ಎಂದವರಿಗೆ ಇಂಜೆಕ್ಷನ್ ಯಾಕೆ ಎಂದೂ ಬಿಟ್ಟಿದ್ದರಂತೆ. ಬೇಡ ಎಂದವರು ಯಾರು? ಯಾರೂ ಇಲ್ಲ. ಕೇಳಿದವರೂ ಯಾರೂ ಇಲ್ಲ.

ನಾನು ರೇವಾಬೆನ್ ಹತ್ತಿರ ಕೂತೆ. ಹೌದು, ಹಾಸಿಗೆಯ ಮೇಲೆಯೇ ಕೂತೆ. ಇವತ್ತು ಬ್ರಾಂಡಿ ಇರುವುದು ಮಾತ್ರ ಇದೆ, ಇಲ್ಲದ್ದು ಸೋಮವಾರ ಬರುತ್ತದೆ, ಅಲ್ಲಿಯವರೆಗೆ ಬೇಕಾದರೆ ಚುಚ್ಚುತ್ತಾರೆ, ಚುಚ್ಚಿದರೆ ನೋಯುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಚುಚ್ಚು ಅನ್ನು," ಎಂದರು ಮುದುಕಿ. "ಸೂಜಿ ಏನು ಕುಡ್ಕೊಂಡು ಬಂದಿರಲ್ವಲ್ಲ."

ಸೋಮವಾರ

ಹೊಸ ಬಾಟಲಿ ಬಂತು. ನನ್ನನ್ನೂ ನಂಬದೆ ಮುದುಕಿ ಗ್ಲಾಸನ್ನು ತಾವೇ ಮೂಸಿದರು, ಮತ್ತೆ ಮೂಸಿದರು. ಪಕ್ಕದ ಮಂಚದ ಇಂಗ್ಲಿಷ್ ಅಜ್ಜಿಯ ಗ್ಲಾಸನ್ನೂ ತರಿಸಿ ಮೂಸಿ ನೋಡಿ, ಎರಡೂ ಬೇರೆ ಎಂದು ಖಾತ್ರಿಯಾದ ಮೇಲೆ ಕುಡಿದರು.

ನೋವು ಇಳಿದ ಮೇಲೆ ಗೊತ್ತಾಯಿತು, ಅವರು ಎಂಥ ಬಾಯಿಬಡುಕಿ ಎಂದು! ಅಲ್ಲಿನ ಟೀ ಕುಡಿದು, ಪಾತ್ರೆ ತೊಳೆದ ನೀರು ಎಂದರು. ಮಗ ಬಂದರೆ ಅವನ ಉದ್ದ ಕೂದಲು ಹಿಡಿದು ಜಗ್ಗಿದರು. ಒಬ್ಬ ನರ್ಸಿಂಗ್ ಹುಡುಗಿಯ ಮೊಣಕಾಲು ತೋರಿಸಿ, "ಈ ಕೂಸಿಗೆ ಇನ್ನೊಂದು ಗಜ ಬಟ್ಟೆ ಕೊಡಿಸ್ರೇ, ಚಳಿಗೆ ಸತ್ತೋಗ್ತದೆ," ಎಂದರು. ನಾನು ಅದನ್ನು ಇಂಗ್ಲಿಷಿಗೆ ತರಲು ನಾಚಿಕೊಂಡರೆ, ಆ ಹುಡುಗಿ ತಾನೇ ಅರ್ಥ ಮಾಡಿಕೊಂಡು ಬಿದ್ದು ಬಿದ್ದು ನಕ್ಕಳು. ಆ ಹುಡುಗಿಯರೆಲ್ಲ ಬಿಡುವಾದಾಗ ಬೈಸಿಕೊಳ್ಳಲೆಂದೇ ಅವರ ಮಂಚದ ಹತ್ತಿರ ಬರತೊಡಗಿದರು.

ಮಿಸ್ ವಿಲ್ಕಿನ್ಸ್ ಮುಂದಿನ ಪಾಠದಲ್ಲಿ ತಾನು ತಪ್ಪು ಹೇಳಿಕೊಟ್ಟೆನೆಂದು ಹುಡುಗಿಯರ ಮುಂದೆಯೇ ಒಪ್ಪಿಕೊಂಡರು. ಅದಕ್ಕೆ ನನಗೆ ಅವರ ಮೇಲೆ ಗೌರವ. ಆದರೆ ಪಾಠ ಮುಗಿದ ಮೇಲೆ ನನ್ನ ಕೈ ಹಿಡಿದು, "ನಿಮ್ಮ ದೇಶದಲ್ಲಿ ಇದೆಲ್ಲ ಬೇಕಾಗುವುದಿಲ್ಲವೇನೋ. ಮನೆ ತುಂಬ ಜನ, ಎಲ್ಲರ ನಡುವೆ ನೆಮ್ಮದಿಯ ಸಾವು," ಎಂದರಲ್ಲ! ಮನೆ ತುಂಬ ಜನ ಇದ್ದರೆ ನೋವು ಹಂಚಿಕೊಂಡು ಹೋಗುತ್ತದೆಯೇ? ಕಿರುಚುವವನ ಸುತ್ತ ಹತ್ತು ಜನ ಕಿವಿ ಮುಚ್ಚಿಕೊಂಡು ಅಳುವುದು ಯಾವ ನೆಮ್ಮದಿ? ಆಗಲೂ ನನಗೆ ಇಂಗ್ಲಿಷ್ ಕೈಕೊಟ್ಟಿತು.

ಹೊರಡುವ ದಿನ

ರೇವಾಬೆನ್‌ಗೆ ತಲೆ ಬಾಚುತ್ತಿದ್ದೆ. ಅವರು ಬಹಳ ಸೊರಗಿದ್ದರು. ಇನ್ನು ಕೆಲವೇ ದಿನ ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ನಿಮ್ಮೂರಲ್ಲಿ ಈ ಔಷಧ ಸಿಗ್ತದಾ?" ಎಂದು ಕೇಳಿದರು.

"ಐತೆ. ಬೀಗ ಹಾಕಿ ಇಟ್ಟವ್ರೆ."

"ಯಾರು?"

"ಡಾಕ್ಟರು."

"ಬೀಗದ ಕೈ ಕಿತ್ಕಾ ಮತ್ತೆ! ಇಷ್ಟು ದೂರ ಬಂದು ನನ್ನ ಜಡೆ ಹಾಕೋದಾ ಕಲ್ತಿದ್ದು ನೀನು?"

ಮತ್ತೆ ಚಿತ್ರದುರ್ಗ

ಬಂದ ವಾರವೇ ನಮ್ಮ ಹುಡುಗಿಯರಿಗೆ ಪಾಠ ಮಾಡಿದೆ. ನೋವನ್ನು ಕೇಳಿ ತಿಳಿಯಬೇಕು, ಅದು ಬರುವ ಮೊದಲೇ ಔಷಧ ಕೊಡಬೇಕು ಎಂದೆ. ದೊಡ್ಡ ಡಾಕ್ಟರೂ ಬಂದು ಹಿಂದೆ ನಿಂತಿದ್ದರು. ಕೆಟ್ಟವರಲ್ಲ ಅವರು. ಪಾಠ ಮುಗಿಯುತ್ತಲೇ ನಕ್ಕು, "ಅದೆಲ್ಲ ಆ ದೇಶಕ್ಕೆ ಸರಿ ಸಿಸ್ಟರ್," ಎಂದರು. "ನಮ್ಮ ಜನ ಗಟ್ಟಿ, ತಡ್ಕೋತಾರೆ. ಎಲ್ಲಾ ನಮ್ಮ ಕರ್ಮ ಅಂತ ಸುಮ್ನಿರ್ತಾರೆ."

ಸಮುದ್ರ ದಾಟಿ ಹೋಗಿ ಕೇಳಿಬಂದ ಮಾತು! ಆ ಪರದೇಶದ ಹೆಂಗಸಿಗಾದರೂ ಗೊತ್ತಿರಲಿಲ್ಲ ಎನ್ನಬಹುದು. ಇಲ್ಲೇ ಹುಟ್ಟಿ, ಇವರ ನಡುವೆಯೇ ಬೆಳೆದವರ ಬಾಯಲ್ಲೂ ಅದೇ. ನನ್ನ ನಾಚಿಕೆಯೆಲ್ಲ ಎಲ್ಲಿ ಹೋಯಿತೋ.

"ನೀವು ಕೇಳಿದೀರಾ ಸಾರ್?" ಎಂದೆ.

"ಏನ್ರಿ?"

"ಬರ್ರಿ, ಕೇಳಾಣ."

ಹುಡುಗಿಯರೂ ಹಿಂದೆ ಬಂದರು. ವಾರ್ಡಿನಲ್ಲಿ ಹಿರಿಯೂರು ಕಡೆಯ ಕರಿಯಪ್ಪ ಎಂಬ ಕುರಿಗಾಹಿ ಮಲಗಿದ್ದ. ಬೆನ್ನುಮೂಳೆಗೆ ಹರಡಿದ ಗಡ್ಡೆ. ಅವನ ಹೆಂಡತಿ ಸಿದ್ದಮ್ಮ ನೆಲದ ಮೇಲೆ ಕೂತಿದ್ದಳು. ಡಾಕ್ಟರನ್ನು ಕಂಡದ್ದೇ ಕರಿಯಪ್ಪ ಏಳಲು ಹೋಗಿ ಆಗದೆ, ಮಲಗಿದಲ್ಲೇ ಕೈ ಮುಗಿದ.

"ಏನಪ್ಪ ಕರಿಯಪ್ಪ, ನೋವೈತಾ?"

"ಏನಿಲ್ಲ ಸ್ವಾಮಿ. ನಿಮ್ಮ ದಯದಿಂದ ಆರಾಮ ಐತೆ."

ಡಾಕ್ಟರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಹುಡುಗಿಯರು ತಲೆ ತಗ್ಗಿಸಿದರು. ನಾನು ಕಲಿತು ಬಂದದ್ದೆಲ್ಲ ಆ ಒಂದು ಮಾತಿಗೆ ಮುಗಿದುಹೋಯಿತು ಎನ್ನಿಸಿತು. ನೋವನ್ನು ಕೇಳಿ ತಿಳಿಯಬೇಕು ಎಂದು ಹೇಳಿದವಳು ನಾನು. ಕೇಳಿದೆವು, ಆರಾಮ ಐತೆ!

ಆಗ ಸಿದ್ದಮ್ಮ ಎದ್ದಳು.

"ಸುಳ್ಳು ಸ್ವಾಮಿ! ಈ ಮುದಿಯ ನಿಮ್ಮ ಮುಂದೆ ಸುಳ್ಳೇಳ್ತಾನೆ!"

"ಲೇ, ಸುಮ್ನಿರೇ," ಎಂದ ಕರಿಯಪ್ಪ.

"ಯಾಕ್ ಸುಮ್ನಿರ್ಲಿ? ನೋವು ಅಂದ್ರೆ ಮನೆಗೆ ಕಳಿಸ್ತೀರಂತೆ. ಪಕ್ಕದ ಮಂಚದೋನು ನೋವು ನೋವು ಅಂದ, ಕರ್ಕೊಂಡು ಹೋಗ್ರಿ ಅಂದ್ರಲ್ಲ? ಅದನ್ನ ನೋಡಿ ಇವ್ನು ಬಾಯಿಗೆ ಬಟ್ಟೆ ಹಾಕ್ಕಂಡವ್ನೆ. ನೋಡ್ರಿ!" ಎಂದು ದಿಂಬಿನ ಕೆಳಗಿನಿಂದ ಒಂದು ಟವೆಲ್ ಎಳೆದು ಡಾಕ್ಟರ ಕೈಗೇ ಕೊಟ್ಟಳು. ಹಲ್ಲು ಕಚ್ಚಿ ಕಚ್ಚಿ ಅದರ ಒಂದು ಅಂಚೆಲ್ಲ ತೂತು ಬಿದ್ದಿತ್ತು.

ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕರಿಯಪ್ಪ ಕಣ್ಣು ಮುಚ್ಚಿಕೊಂಡ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ. ಸಾಯುತ್ತಿರುವವನು ನೋಯುತ್ತಿದೆ ಎಂದು ಹೇಳಲು ಹೆದರುವ ಆಸ್ಪತ್ರೆ ನಮ್ಮದು. ಇಷ್ಟು ವರ್ಷ ಅಲ್ಲೇ ಓಡಾಡಿಕೊಂಡಿದ್ದ ನಾವೆಲ್ಲ ಆರಾಮ ಐತೆ ಎಂಬ ಮಾತನ್ನು ನಂಬಿಕೊಂಡು ಮುಂದಿನ ಮಂಚಕ್ಕೆ ಹೋಗುತ್ತಿದ್ದೆವು. ಅದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

"ಮನೆಗೆ ಕಳ್ಸಲ್ಲಪ್ಪ," ಎಂದರು ಡಾಕ್ಟರು ಕೊನೆಗೆ. ಜೇಬಿನಿಂದ ಬೀರುವಿನ ಬೀಗದ ಕೈ ತೆಗೆದು ನನ್ನ ಕಡೆ ಚಾಚಿದರು. ಅವತ್ತು ಹುಡುಗಿಯರಿಗೆ ನಾನು ಗಡಿಯಾರ ತೋರಿಸಿ ಹೇಳಿದೆ, ಮುಂದಿನ ಸೂಜಿ ಅವನು ಕಿರುಚಿದಾಗ ಅಲ್ಲ, ಆ ಮುಳ್ಳು ಅಲ್ಲಿಗೆ ಬಂದಾಗ.

ಮರುದಿನ ಬೆಳಿಗ್ಗೆ ಡಾಕ್ಟರು ಎಂದಿನಂತೆ ವಾರ್ಡಿಗೆ ಬಂದರು, ಹಿಂದೆ ನಾವು. ಸಿದ್ದಮ್ಮ ಕರಿಯಪ್ಪನ ಮಂಚಕ್ಕೆ ಅಡ್ಡವಾಗಿ ಎರಡು ಕೈ ಚಾಚಿ ನಿಂತಿದ್ದಳು.

"ಈಗ ಬರಬ್ಯಾಡ್ರಿ ಸ್ವಾಮಿ," ಎಂದಳು ಪಿಸುಮಾತಿನಲ್ಲಿ. "ಮಲಗ್ಯಾನೆ. ಆಮ್ಯಾಕೆ ಬರ್ರಿ."

ಆ ಆಸ್ಪತ್ರೆಯಲ್ಲಿ ಡಾಕ್ಟರಿಗೆ ಆಮೇಲೆ ಬನ್ನಿ ಎಂದವರನ್ನು ನಾನು ಅವತ್ತೇ ನೋಡಿದ್ದು. ಅವರು ಬೂಟಿನ ಸದ್ದಾಗದಂತೆ ಮುಂದಿನ ಮಂಚಕ್ಕೆ ಸರಿದರು. ಅಲ್ಲಿನ ರೋಗಿ ಆಗಲೇ ಕೈ ಮುಗಿದು ನಗಲು ಶುರುಮಾಡಿದ್ದ. ಡಾಕ್ಟರು ಅವನನ್ನು ನೋಡಿದರು, ಏನೂ ಕೇಳಲಿಲ್ಲ. ಬಗ್ಗಿ, ಕೆಳಗೆ ಕೂತಿದ್ದ ಅವನ ಹೆಂಡತಿಯನ್ನು ಕೇಳಿದರು:

"ರಾತ್ರಿ ನಿದ್ದೆ ಮಾಡಿದ್ನೇನಮ್ಮ?"